ಬಿಡಾರ ಹೂಡಿದ ದೇವರು

ಬೈಬಲಿನ ಒಟ್ಟು ಸಂದೇಶವೇನು ಎಂದು ಕೇಳಿದರೆ ಕ್ರೈಸ್ತರೂ ಕ್ರೈಸ್ತರಲ್ಲದವರೂ ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ. ಮನುಷ್ಯ ಪಾಪಿ, ಅವನ ಪಾಪಕ್ಕಾಗಿ ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ, ಇದನ್ನು ನಂಬಿದವನು ಸತ್ತ ಮೇಲೆ ಸ್ವರ್ಗಕ್ಕೆ ಹೋಗುತ್ತಾನೆ. ಕರಪತ್ರಗಳಲ್ಲಿ, ಗೋಡೆಬರಹಗಳಲ್ಲಿ, ಸಮಾಧಿಯ ಬಳಿ ಮಾಡುವ ಪ್ರಸಂಗಗಳಲ್ಲಿ ಬಹುಪಾಲು ಕೇಳಿಬರುವುದು ಇದೇ. ಈ ಉತ್ತರವನ್ನು ತಪ್ಪೆಂದು ತಳ್ಳಿಹಾಕುವಂತಿಲ್ಲ, ಅದರ ಒಂದೊಂದು ಮಾತಿಗೂ ಗ್ರಂಥದಲ್ಲಿ ಆಧಾರ ಸಿಗುತ್ತದೆ. ಆದರೆ ಅದನ್ನೇ ಇಡೀ ಪುಸ್ತಕದ ತಾತ್ಪರ್ಯವೆಂದು ಹಿಡಿದು ಮೊದಲ ಪುಟದಿಂದ ಓದಿಕೊಂಡು ಹೋದವರು ಕೊನೆಗೆ ಬಂದಾಗ ತಬ್ಬಿಬ್ಬಾಗುತ್ತಾರೆ. ಮನುಷ್ಯ ಭೂಮಿಯನ್ನು ಬಿಟ್ಟು ಮೇಲಕ್ಕೆ ಏರುವ ಕಥೆಯೆಂದು ಓದತೊಡಗಿದ ಗ್ರಂಥದ ಕಡೆಯ ಎರಡು ಅಧ್ಯಾಯಗಳಲ್ಲಿ ಯಾರೊಬ್ಬರೂ ಮೇಲಕ್ಕೆ ಏರುವುದಿಲ್ಲ. ಅಲ್ಲಿ ಒಂದು ನಗರವೇ ಆಕಾಶದಿಂದ ಭೂಮಿಗೆ ಇಳಿದು ಬರುತ್ತದೆ. ದೇವರ ಬಿಡಾರ ಇನ್ನು ಮನುಷ್ಯರ ಜೊತೆಯಲ್ಲೇ ಎಂಬ ಘೋಷಣೆ ಕೇಳಿಸುತ್ತದೆ. ಪ್ರಕಟನೆ ಗ್ರಂಥದ ಈ ಮುಕ್ತಾಯ ಇಡೀ ಬೈಬಲಿನ ದಿಕ್ಕನ್ನು ತೋರಿಸುತ್ತದೆ ಎಂಬುದು ನನ್ನ ವಾದ. ಮನುಷ್ಯ ದೇವರ ಮನೆ ಸೇರುವುದು ಹೇಗೆ ಎನ್ನುವುದಕ್ಕಿಂತ, ದೇವರು ಮನುಷ್ಯರ ನಡುವೆ ಮನೆ ಮಾಡುವುದು ಹೇಗೆ ಎಂಬುದೇ ಈ ಗ್ರಂಥವನ್ನು ಆದಿಯಿಂದ ಅಂತ್ಯದವರೆಗೆ ಕಾಡುವ ಪ್ರಶ್ನೆ.

ಇಂಥ ಗ್ರಂಥಕ್ಕೆ ಒಂದೇ ಪ್ರಶ್ನೆ ಇದೆ ಎನ್ನುವುದು ದುಡುಕು ಎಂದು ಯಾರಾದರೂ ಆಕ್ಷೇಪಿಸಿದರೆ ಅದರಲ್ಲಿ ನ್ಯಾಯವಿದೆ. ಬೈಬಲ್ ಎಂಬ ಹೆಸರೇ ‘ಪುಸ್ತಕಗಳು’ ಎಂಬ ಅರ್ಥದ ಗ್ರೀಕ್ ಬಹುವಚನದಿಂದ ಬಂದದ್ದು. ಪ್ರಾಟೆಸ್ಟೆಂಟರಿಗೆ ಅದು 66 ಪುಸ್ತಕ, ಕಥೋಲಿಕರಿಗೆ 73. ಹೀಬ್ರೂ, ಅರಮಾಯಿಕ್, ಗ್ರೀಕ್ ಎಂಬ ಮೂರು ಭಾಷೆಗಳಲ್ಲಿ, ಹಲವು ಶತಮಾನಗಳ ಉದ್ದಕ್ಕೂ, ಒಬ್ಬರನ್ನೊಬ್ಬರು ಕಾಣದ ಎಷ್ಟೋ ಕೈಗಳು ಬರೆದದ್ದು. ಅದರಲ್ಲಿ ವಂಶಾವಳಿ ಇದೆ, ಕಾನೂನು ಇದೆ, ಯುದ್ಧದ ವರದಿ ಇದೆ, ಪ್ರೇಮಗೀತೆ ಇದೆ, ಸಾಲಗಾರನ ಒತ್ತೆಬಟ್ಟೆಯನ್ನು ಸಂಜೆಯೊಳಗೆ ಹಿಂದಿರುಗಿಸಬೇಕೆಂಬ ನಿಯಮವೂ ಇದೆ. ಇವೆಲ್ಲಕ್ಕೂ ಒಂದು ಮುಖ ಉಂಟೇ ಎಂಬ ಜಗಳ ಕ್ರೈಸ್ತಧರ್ಮದ ಎರಡನೆಯ ಶತಮಾನದಲ್ಲೇ ಶುರುವಾಯಿತು. ಮಾರ್ಸಿಯನ್ ಎಂಬಾತ ಹೀಬ್ರೂ ಗ್ರಂಥದ ದೇವರು ಬೇರೆ, ಯೇಸುವಿನ ತಂದೆಯಾದ ದೇವರು ಬೇರೆ ಎಂದು ಸಾರಿ, ಹಳೆಯ ಒಡಂಬಡಿಕೆಯನ್ನು ಪೂರ್ತಿ ಬಿಟ್ಟು, ಕತ್ತರಿಸಿದ ಲೂಕನ ಸುವಾರ್ತೆಯನ್ನೂ ಪೌಲನ ಹತ್ತು ಪತ್ರಗಳನ್ನೂ ಮಾತ್ರ ಇಟ್ಟುಕೊಂಡ. ರೋಮಿನ ಸಭೆ ಅವನನ್ನು ಹೊರಹಾಕಿತು. ಅದೇ ಶತಮಾನದ ಕೊನೆಯ ಭಾಗದಲ್ಲಿ ಲಿಯೋನ್ ಪಟ್ಟಣದ ಬಿಷಪ್ ಐರೇನಿಯಸ್ ಇಂಥ ಓದುಗಳನ್ನು ಖಂಡಿಸುತ್ತ ಒಂದು ಹೋಲಿಕೆ ಕೊಟ್ಟ. ಬಣ್ಣದ ಕಲ್ಲುಗಳನ್ನು ಜೋಡಿಸಿ ಒಬ್ಬ ಕಲಾವಿದ ಅರಸನ ಚಿತ್ರ ಮಾಡಿದ್ದಾನೆ. ಇನ್ನೊಬ್ಬ ಬಂದು ಅವೇ ಕಲ್ಲುಗಳನ್ನು ಕಿತ್ತು ನರಿಯ ಆಕಾರಕ್ಕೆ ಜೋಡಿಸಿ, ಇದೇ ಅರಸನ ಚಿತ್ರ ಎನ್ನುತ್ತಾನೆ. ಕಲ್ಲುಗಳು ನಿಜ, ಚಿತ್ರ ಸುಳ್ಳು. ಒಟ್ಟು ಸಂದೇಶದ ಬಗ್ಗೆ ಮಾತಾಡುವ ಯಾರಿಗೂ ಈ ಹೋಲಿಕೆ ಎಚ್ಚರಿಕೆಯಾಗಬೇಕು, ನನಗೂ. ಬಿಡಿ ವಾಕ್ಯಗಳನ್ನು ಆಯ್ದು ಜೋಡಿಸಿದರೆ ಸಾಲದು; ಪುಸ್ತಕಗಳು ತಾವಾಗಿ ಎಲ್ಲಿ ಆರಂಭವಾಗುತ್ತವೆ, ಎಲ್ಲಿ ಒತ್ತು ಹಾಕುತ್ತವೆ, ಎಲ್ಲಿ ನಿಲ್ಲುತ್ತವೆ ಎಂಬುದನ್ನು ನೋಡಬೇಕು.

ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿ ದೇವರು ಸಂಜೆಯ ತಂಗಾಳಿಯಲ್ಲಿ ತೋಟದೊಳಗೆ ತಿರುಗಾಡುತ್ತಾನೆ. ಹಣ್ಣು ತಿಂದು ಮರಗಳ ಮರೆಗೆ ಸರಿದ ಮನುಷ್ಯನನ್ನು ಕುರಿತು, ಅವನು ಎಲ್ಲಿದ್ದಾನೆಂದು ಕೇಳುತ್ತಾನೆ. ಈ ಗ್ರಂಥದಲ್ಲಿ ದೇವರು ಮನುಷ್ಯನಿಗೆ ಕೇಳುವ ಮೊಟ್ಟಮೊದಲ ಪ್ರಶ್ನೆ ಅದು. ಹುಡುಕುವವನು ದೇವರು, ಅಡಗುವವನು ಮನುಷ್ಯ. ಅಲ್ಲಿ ‘ತಿರುಗಾಡು’ ಎಂಬುದಕ್ಕೆ ಬಳಸಿದ ಹೀಬ್ರೂ ಕ್ರಿಯಾರೂಪ ಮುಂದೆ ಮತ್ತೆ ಮತ್ತೆ ತಲೆಯೆತ್ತುತ್ತದೆ. ಯಾಜಕಕಾಂಡದ 26ನೆಯ ಅಧ್ಯಾಯದಲ್ಲಿ, ಜನರ ನಡುವೆ ತಾನು ತಿರುಗಾಡುವೆನೆಂದು ದೇವರು ಮಾತು ಕೊಡುವಾಗ ಬರುವುದು ಅದೇ ರೂಪ. ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಂತೂ ಅದು ಬರುವ ಜಾಗ ಯಾರೂ ಊಹಿಸದಂಥದು: ದೇವರು ಪಾಳೆಯದೊಳಗೆ ತಿರುಗಾಡುತ್ತಾನೆ, ಆದ್ದರಿಂದ ಬಹಿರ್ದೆಸೆಗೆ ಪಾಳೆಯದ ಹೊರಗೆ ಹೋಗಿ, ಗುಣಿ ತೋಡಿ, ಮಣ್ಣು ಮುಚ್ಚಿ ಬರಬೇಕು ಎಂಬ ನಿಯಮದಲ್ಲಿ. ದೇವರ ಸಾನ್ನಿಧ್ಯವೆಂದರೆ ಈ ಬರಹಗಾರರಿಗೆ ಧ್ಯಾನದಲ್ಲಿ ಮಾತ್ರ ಸಿಗುವ ಸೂಕ್ಷ್ಮ ಅನುಭವವಾಗಿರಲಿಲ್ಲ. ಅದು ಕಾಲಿಗೆ ಧೂಳು ಹತ್ತುವ ನೆಲದ ಸಂಗತಿಯಾಗಿತ್ತು. ತೋಟದಿಂದ ಹೊರಬಿದ್ದದ್ದರ ನೋವೂ ಅಷ್ಟೇ ನೆಲದ್ದು: ಪೂರ್ವ ದಿಕ್ಕಿನಲ್ಲಿ ಕೆರೂಬಿಗಳ ಕಾವಲು, ಒಳಗೆ ಜೀವವೃಕ್ಷ, ಹೊರಗೆ ಮನುಷ್ಯ.

ಈ ನೋವಿಗೆ ಉತ್ತರ ಎಲ್ಲಿ ಸಿಗುತ್ತದೆ ಎಂದು ಹುಡುಕಿದರೆ ವಿಮೋಚನಕಾಂಡಕ್ಕೆ ಬರುತ್ತೇವೆ. ನನ್ನ ವಾದದ ಗಟ್ಟಿ ಆಧಾರವೂ ಇದೇ ಪುಸ್ತಕ. ವಿಮೋಚನೆ ಎಂದರೆ ಬಿಡುಗಡೆ. ಗುಲಾಮರು ಐಗುಪ್ತದಿಂದ ಹೊರಟು, ಸಮುದ್ರ ಇಬ್ಭಾಗವಾಗಿ, ಫರೋಹನ ರಥಗಳು ಮುಳುಗಿದ ಮೇಲೆ ಬಿಡುಗಡೆಯ ಕಥೆ ಮುಗಿಯಬೇಕಿತ್ತು. ಅದು ಮುಗಿಯುವುದು 15ನೆಯ ಅಧ್ಯಾಯಕ್ಕೆ. ಆದರೆ ಪುಸ್ತಕದಲ್ಲಿ 40 ಅಧ್ಯಾಯಗಳಿವೆ. 25ರಿಂದ ಮುಂದಕ್ಕೆ 13 ಅಧ್ಯಾಯಗಳು ಒಂದು ಗುಡಾರದ ಲೆಕ್ಕಕ್ಕೇ ಮೀಸಲು: ಹಲಗೆಗಳು ಎಷ್ಟು ಮೊಳ, ಪರದೆಗೆ ಎಷ್ಟು ಕೊಂಡಿ, ದೀಪಸ್ತಂಭಕ್ಕೆ ಎಷ್ಟು ಕೊಂಬೆ. ಬಹಳ ಜನ ಬೈಬಲ್ ಓದುವುದನ್ನು ನಿಲ್ಲಿಸುವುದು ಇಲ್ಲಿಯೇ. ಆದರೆ ಒಬ್ಬ ಲೇಖಕ ಯಾವುದಕ್ಕೆ ಎಷ್ಟು ಜಾಗ ಕೊಡುತ್ತಾನೆ ಎನ್ನುವುದೇ ಅವನ ಮನಸ್ಸಿಗೆ ಸಾಕ್ಷಿ. ಲೋಕದ ಸೃಷ್ಟಿಗೆ ಎರಡು ಅಧ್ಯಾಯ ಸಾಕಾದವು. ಒಂದು ಗುಡಾರಕ್ಕೆ ಹದಿಮೂರು ಬೇಕಾದವು. ಆ ಗುಡಾರ ಏಕೆಂಬುದಕ್ಕೆ ಕೊಟ್ಟಿರುವ ಕಾರಣವೂ ಸ್ಪಷ್ಟ: ದೇವರು ಜನರ ನಡುವೆ ವಾಸಿಸಬೇಕು. ಗುಡಾರದೊಳಗೆ ವಾಸಿಸುತ್ತೇನೆ ಎಂದು ಅಲ್ಲಿ ಹೇಳಿಲ್ಲ, ಅವರ ನಡುವೆ ಎಂದು ಹೇಳಿದೆ. ಇನ್ನೂ ಆಳವಾದ ಸಂಗತಿ ಈ ಲೆಕ್ಕಗಳ ನಡುಮಧ್ಯದಲ್ಲಿದೆ. ಗುಡಾರದ ನಕ್ಷೆ ಕೊಟ್ಟಾದ ಮೇಲೆ, ಅದನ್ನು ಕಟ್ಟುವ ಮುಂಚೆ, 32ರಿಂದ 34ರವರೆಗೆ ಚಿನ್ನದ ಹೋರಿಕರುವಿನ ಕಥೆ ಬರುತ್ತದೆ. ಜನ ಮಾತು ಮುರಿದರು. ದಾರಿಯಲ್ಲಿ ನಿಮ್ಮನ್ನು ನಾಶಮಾಡಿಬಿಟ್ಟೇನು, ನಾನು ನಿಮ್ಮೊಂದಿಗೆ ಬರುವುದಿಲ್ಲ ಎಂದು ದೇವರು ಹೇಳಿಬಿಡುತ್ತಾನೆ. ನಾಡು ಸಿಗುತ್ತದೆ, ದೂತನೂ ಮುಂದೆ ನಡೆಯುತ್ತಾನೆ, ತಾನು ಮಾತ್ರ ಬರುವುದಿಲ್ಲ. ಮೋಶೆ ಅದಕ್ಕೆ ಒಪ್ಪುವುದಿಲ್ಲ. ನೀನು ಬರದಿದ್ದರೆ ನಾವು ಇಲ್ಲಿಂದ ಕದಲುವುದೇ ಬೇಡ ಎಂದು ಹಟ ಹಿಡಿಯುತ್ತಾನೆ. ಹಾಲು ಜೇನು ಹರಿಯುವ ನಾಡಿಗಿಂತ ಜೊತೆಗಾರನೇ ಮುಖ್ಯ ಎಂದು ಅವನಿಗೆ ತಿಳಿದಿತ್ತು. ಕೊನೆಗೆ ಗುಡಾರ ಏಳುತ್ತದೆ, ಮೊದಲಿನ ನಕ್ಷೆಯ ಪ್ರಕಾರವೇ. ಪಾಪದ ನಂತರವೂ ನಕ್ಷೆಯಲ್ಲಿ ಒಂದು ಮೊಳವೂ ಕಡಿಮೆಯಾಗಲಿಲ್ಲ. ಪುಸ್ತಕ ಮುಗಿಯುವುದು ಸಮುದ್ರದ ದಡದಲ್ಲಲ್ಲ, ಮೋಡ ಗುಡಾರವನ್ನು ತುಂಬಿಕೊಂಡ ಆ ದೃಶ್ಯದಲ್ಲಿ.

ಹಾಗಾದರೆ ಪಾಪ, ಬಲಿ, ಕ್ಷಮೆ ಎಲ್ಲಿ ಹೋದವು ಎಂದು ಸಾಂಪ್ರದಾಯಿಕ ದೇವಶಾಸ್ತ್ರ ಕೇಳುತ್ತದೆ. 1098ರ ಹೊತ್ತಿಗೆ ಕ್ಯಾಂಟರ್ಬರಿಯ ಆನ್ಸೆಲ್ಮ್, ದೇವರು ಮನುಷ್ಯನಾಗಬೇಕಾದದ್ದೇಕೆ ಎಂಬ ಪ್ರಶ್ನೆಗೆ ತೀರಿಸಲಾಗದ ಋಣದ ಭಾಷೆಯಲ್ಲಿ ಉತ್ತರ ಕೊಟ್ಟ. ಹದಿನಾರನೆಯ ಶತಮಾನದಲ್ಲಿ ಲೂಥರ್, ಪಾಪಿ ನಂಬಿಕೆಯಿಂದ ನೀತಿವಂತನೆನಿಸಿಕೊಳ್ಳುವುದೇ ಸುವಾರ್ತೆಯ ಹೃದಯ ಎಂದ. ಇವರನ್ನು ಹಗುರವಾಗಿ ಕಾಣುವ ಧೈರ್ಯ ನನಗಿಲ್ಲ. ತಪ್ಪಿತಸ್ಥ ಮನಸ್ಸಿಗೆ ಇವರ ಮಾತಿನಷ್ಟು ಸಾಂತ್ವನ ಕೊಟ್ಟದ್ದು ಕಡಿಮೆ. ಆದರೆ ಬಲಿಯ ನಿಯಮಗಳು ಬೈಬಲಿನಲ್ಲಿ ಎಲ್ಲಿ ಬರುತ್ತವೆ ನೋಡಿ. ವಿಮೋಚನಕಾಂಡದ ಕೊನೆಯಲ್ಲಿ ಮೋಡ ತುಂಬಿದ ಗುಡಾರದೊಳಕ್ಕೆ ಮೋಶೆಯೇ ಕಾಲಿಡಲಾರದೆ ಹೊರಗೆ ನಿಲ್ಲುತ್ತಾನೆ. ಯಾಜಕಕಾಂಡದ ಮೊದಲ ವಾಕ್ಯದಲ್ಲಿ ದೇವರು ಗುಡಾರದಿಂದ ಅವನನ್ನು ಕರೆದು ಮಾತಾಡುತ್ತಾನೆ. ಅರಣ್ಯಕಾಂಡದ ಮೊದಲ ವಾಕ್ಯದಲ್ಲಿ ದೇವರು ಅವನೊಂದಿಗೆ ಮಾತಾಡುವುದು ಗುಡಾರದ ಒಳಗೆ. ಹೊರಗಿನಿಂದ ಒಳಗೆ ಹೋಗುವ ಈ ನಡುವಿನ ದಾರಿಯೇ ಯಾಜಕಕಾಂಡ. ಅದರ ಬಲಿಗಳು, ಶುದ್ಧಿಯ ನಿಯಮಗಳು, 16ನೆಯ ಅಧ್ಯಾಯದ ವರ್ಷಕ್ಕೊಮ್ಮೆಯ ದೋಷಪರಿಹಾರದ ದಿನ, ಇವೆಲ್ಲ ಇರುವುದು ಅಶುದ್ಧ ಜನರ ನಡುವೆ ಪರಿಶುದ್ಧನ ವಾಸ ಮುಂದುವರಿಯಲಿ ಎಂದು. ಕ್ಷಮೆ ಬಾಗಿಲು. ಬಾಗಿಲಿಲ್ಲದೆ ಮನೆಯಿಲ್ಲ ನಿಜ, ಆದರೆ ಯಾರೂ ಬಾಗಿಲಲ್ಲಿ ಸಂಸಾರ ಮಾಡುವುದಿಲ್ಲ. ಕ್ಷಮೆಯನ್ನೇ ಕೊನೆಯ ಗುರಿ ಮಾಡಿಕೊಂಡ ಕ್ರೈಸ್ತ ಬೋಧನೆ ಹೊಸ್ತಿಲನ್ನೇ ಮನೆಯೆಂದು ತಿಳಿದಂತಾಗಿದೆ ಎಂಬುದು ನನ್ನ ಅಭಿಪ್ರಾಯ.

ಗುಡಾರ ಎಂಬ ರೂಪವೂ ಆಕಸ್ಮಿಕವಲ್ಲ. ದಾವೀದ ಅರಸನಾಗಿ ದೇವದಾರು ಮರದ ಅರಮನೆಯಲ್ಲಿ ಕುಳಿತು, ದೇವರಿಗೂ ಅಂಥದೊಂದು ಮನೆ ಕಟ್ಟುತ್ತೇನೆಂದು ಹೊರಟಾಗ ಬಂದ ಉತ್ತರ ನಿರಾಕರಣೆ. ಐಗುಪ್ತದಿಂದ ಹೊರಟಂದಿನಿಂದ ತಾನು ಗುಡಾರದಲ್ಲೇ ತಿರುಗಾಡಿದ್ದೇನೆ, ಮನೆ ಕೇಳಿದವರಾರು ಎಂಬುದು ಆ ಉತ್ತರದ ತಿರುಳು. ಇಲ್ಲಿಯೂ ತೋಟದ ಸಂಜೆಯ ಅದೇ ಹೀಬ್ರೂ ಕ್ರಿಯಾರೂಪವಿದೆ. ಸ್ಥಾವರ-ಜಂಗಮಗಳ ಚರ್ಚೆಯನ್ನು ಹನ್ನೆರಡನೆಯ ಶತಮಾನದಿಂದ ಕೇಳಿಕೊಂಡು ಬಂದ ಕನ್ನಡದ ಕಿವಿಗೆ ಈ ಮಾತು ಬೇಗ ತಾಗುತ್ತದೆ, ಎರಡರ ಹಿನ್ನೆಲೆ ಬೇರೆಬೇರೆಯಾದರೂ. ಸೊಲೊಮೋನ ಮುಂದೆ ದೇವಾಲಯ ಕಟ್ಟಿದ. ಆಕಾಶವೇ ಹಿಡಿಸಲಾರದವನನ್ನು ಈ ಕಟ್ಟಡ ಹಿಡಿಸೀತೇ ಎಂದು ಅದರ ಪ್ರತಿಷ್ಠೆಯ ದಿನವೇ ಪ್ರಾರ್ಥನೆಯಲ್ಲಿ ಕೇಳಿಕೊಂಡ. ಆ ಕಟ್ಟಡ ಕ್ರಿ.ಪೂ. 586ರಲ್ಲಿ ಬಾಬಿಲೋನಿನವರ ಕೈಯಲ್ಲಿ ಸುಟ್ಟುಹೋಯಿತು. ಆ ಕಾಲದ ಲೆಕ್ಕದಲ್ಲಿ ಗುಡಿ ಬಿದ್ದ ದೇವರೆಂದರೆ ಸೋತ ದೇವರು. ಆದರೆ ಸೆರೆಯಾಳಾಗಿ ಬಾಬಿಲೋನಿನ ಕೆಬಾರ್ ಕಾಲುವೆಯ ದಡದಲ್ಲಿದ್ದ ಯೆಹೆಜ್ಕೇಲ ಕಂಡ ದರ್ಶನದಲ್ಲಿ ದೇವರ ಸಿಂಹಾಸನಕ್ಕೆ ಚಕ್ರಗಳಿದ್ದವು. ದೇವಾಲಯ ಬೀಳುವ ಮುಂಚೆಯೇ ಮಹಿಮೆ ಅದನ್ನು ಬಿಟ್ಟು ಪೂರ್ವಕ್ಕೆ ಹೊರಟಿತು. ಸೆರೆಯವರಿಗೆ ಅನ್ಯದೇಶದಲ್ಲಿ ದೇವರೇ ಚಿಕ್ಕದೊಂದು ಗುಡಿಯಾದ. ಆ ಪ್ರವಾದಿಯ ಪುಸ್ತಕ ಮುಗಿಯುವುದು ಒಂದು ನಗರಕ್ಕೆ ಹೆಸರಿಡುವುದರೊಂದಿಗೆ. ದೇವರು ಅಲ್ಲಿದ್ದಾನೆ ಎಂಬುದೇ ಆ ನಗರದ ಹೆಸರು.

ಹೊಸ ಒಡಂಬಡಿಕೆ ಯೇಸುವನ್ನು ಪರಿಚಯಿಸುವುದು ಈ ಹಿನ್ನೆಲೆಯ ಎದುರಿಗೆ. ಯೋಹಾನನ ಸುವಾರ್ತೆ ವಾಕ್ಯವು ದೇಹಧಾರಿಯಾಯಿತೆಂದು ಹೇಳಿ, ನಮ್ಮ ನಡುವೆ ವಾಸಿಸಿತೆಂದು ಹೇಳುವಾಗ ಬಳಸುವ ಗ್ರೀಕ್ ಕ್ರಿಯಾಪದದ ಅಕ್ಷರಾರ್ಥ ‘ಗುಡಾರ ಹಾಕಿತು’ ಎಂದೇ. ಕನ್ನಡದ ‘ಬಿಡಾರ ಹೂಡು’ ಅದಕ್ಕೆ ತೀರ ಹತ್ತಿರದ ಮಾತು. ಮತ್ತಾಯನ ಸುವಾರ್ತೆ, ದೇವರು ನಮ್ಮೊಡನಿದ್ದಾನೆ ಎಂಬ ಅರ್ಥದ ಇಮ್ಮಾನುವೇಲ್ ಎಂಬ ಹೆಸರಿನೊಂದಿಗೆ ತೊಡಗಿ, ಯುಗದ ಅಂತ್ಯದವರೆಗೆ ನಿಮ್ಮ ಸಂಗಡ ಇರುತ್ತೇನೆ ಎಂಬ ಯೇಸುವಿನ ಭರವಸೆಯೊಂದಿಗೆ ಮುಗಿಯುತ್ತದೆ. ನಡುವೆ ಆತ ಸುಂಕದವರ ಮನೆಯಲ್ಲಿ ಉಣ್ಣುತ್ತಾನೆ, ಕುಷ್ಠರೋಗಿಯನ್ನು ಮುಟ್ಟುತ್ತಾನೆ. ಹಳೆಯ ನಿಯಮದಲ್ಲಿ ಅಶುದ್ಧಿ ಅಂಟುತ್ತಿತ್ತು. ಇಲ್ಲಿ ಶುದ್ಧಿಯೇ ಅಂಟುತ್ತದೆ. ಭಾರತದ ಓದುಗರಿಗೆ ಇಲ್ಲೊಂದು ಪ್ರಶ್ನೆ ಸಹಜ: ಇದು ನಮಗೆ ಗೊತ್ತಿರುವ ಅವತಾರವೇ ಅಲ್ಲವೇ? ದೇವರು ಇಳಿಯುತ್ತಾನೆ ಎಂಬಷ್ಟರ ಮಟ್ಟಿಗೆ ಹೌದು, ಕನ್ನಡದ ಕ್ರೈಸ್ತ ಬರಹದಲ್ಲಿ ಆ ಪದವೇ ಬಳಕೆಗೆ ಬಂದಿದೆ. ಆದರೆ ಪುರಾಣದ ಅವತಾರಕ್ಕೆ ಒಂದು ಸಮಾಪ್ತಿ ಇದೆ. ಕೆಲಸ ಮುಗಿದ ಮೇಲೆ ರಾಮ ಸರಯೂ ನದಿಗೆ ಇಳಿಯುತ್ತಾನೆ, ಮತ್ತೆ ಯುಗ ಕೆಟ್ಟಾಗ ಇನ್ನೊಂದು ರೂಪ. ಕ್ರೈಸ್ತ ನಂಬಿಕೆಯಲ್ಲಿ ತೊಟ್ಟ ದೇಹವನ್ನು ಕಳಚುವ ಘಟ್ಟವೇ ಇಲ್ಲ. ಪುನರುತ್ಥಾನದ ನಂತರವೂ ಕೈಗಳಲ್ಲಿ ಮೊಳೆಯ ಗಾಯ ಉಳಿಯುತ್ತದೆ, ಆ ಗಾಯದೊಂದಿಗೇ ಆತ ತಂದೆಯ ಬಳಿಗೆ ಹೋಗುತ್ತಾನೆ. 451ರ ಕ್ಯಾಲ್ಸಿಡಾನ್ ಮಹಾಸಭೆ ದೈವ ಮತ್ತು ಮಾನವ ಸ್ವಭಾವಗಳೆರಡೂ ಬೆರೆಯದೆ ಬೇರ್ಪಡದೆ ಒಬ್ಬನಲ್ಲಿವೆ ಎಂದು ಹಟಹಿಡಿದು ಬರೆದುಕೊಂಡದ್ದು ಈ ಕಾರಣಕ್ಕೇ. ದೇವರು ಮನುಷ್ಯತ್ವವನ್ನು ಬಾಡಿಗೆಗೆ ಪಡೆಯಲಿಲ್ಲ ಎಂಬುದು ಅವರ ನಿಲುವು.

ಆತನ ನಂತರ ಆ ವಾಸ ಎಲ್ಲಿ? ಪೌಲನ ಉತ್ತರ: ಸಭೆಯಲ್ಲಿ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ ದೇವರ ಆಲಯ ನೀವೇ ಎಂದು ಅವನು ಹೇಳುವಾಗ ಆ ‘ನೀವು’ ಗ್ರೀಕಿನಲ್ಲಿ ಬಹುವಚನ. ಗುಂಪಾಗಿ, ಜಗಳವಾಡುವ, ಬಡವರನ್ನು ಬಿಟ್ಟು ಉಣ್ಣುವ ಆ ಕೊರಿಂಥದ ಜನವೇ ಆಲಯ. ಇದೇ ಪತ್ರದ ಆರನೆಯ ಅಧ್ಯಾಯದಲ್ಲಿ ದೇಹವೂ ಆಲಯವೆನಿಸುತ್ತದೆ, ದೇಹವನ್ನೇ ದೇಗುಲವೆಂದ ಬಸವಣ್ಣನವರನ್ನು ಬಲ್ಲವರಿಗೆ ಆ ಮಾತು ಹತ್ತಿರದ್ದು; ಆದರೆ ಪೌಲನ ಮೊದಲ ಒತ್ತು ಇರುವುದು ಕೂಡಿ ಬಾಳುವುದರ ಮೇಲೆ. ಎಫೆಸದವರಿಗೆ ಬರೆದ ಪತ್ರದಲ್ಲಿ ಯೆಹೂದ್ಯರನ್ನೂ ಅನ್ಯರನ್ನೂ ಬೇರ್ಪಡಿಸಿದ್ದ ಅಡ್ಡಗೋಡೆ ಕ್ರಿಸ್ತನಲ್ಲಿ ಕೆಡವಲ್ಪಟ್ಟಿತು ಎಂಬ ಮಾತಿದೆ. ಅದು ಬರಿಯ ರೂಪಕವಾಗಿರಲಿಲ್ಲ. ಯೆರೂಸಲೇಮಿನ ದೇವಾಲಯದ ಒಳ ಆವರಣದ ಸುತ್ತ ಒಂದು ತಡೆಗೋಡೆ ಇತ್ತು. ಅದನ್ನು ದಾಟಿದ ಅನ್ಯನ ಸಾವಿಗೆ ಅವನೇ ಹೊಣೆ ಎಂದು ಗ್ರೀಕಿನಲ್ಲಿ ಕೆತ್ತಿದ ಎಚ್ಚರಿಕೆಯ ಕಲ್ಲು 1871ರಲ್ಲಿ ಸಿಕ್ಕಿತು. ಈಗ ಅದು ಇಸ್ತಾಂಬುಲ್ ವಸ್ತುಸಂಗ್ರಹಾಲಯದಲ್ಲಿದೆ. ಪತ್ರ ಬರೆದ ಕೈಗೆ ಆ ಕಲ್ಲಿನ ಅರ್ಥ ಗೊತ್ತಿತ್ತೆಂದೇ ತೋರುತ್ತದೆ. ದೇವರು ಮನೆ ಮಾಡಿದ ಜಾಗದಲ್ಲಿ ಅಂಥ ಕಲ್ಲು ನಿಲ್ಲಲಾರದು ಎಂಬುದು ಅದರ ವಾದ.

ಇಷ್ಟೂ ಎಳೆಗಳು ಪ್ರಕಟನೆಯ ಕೊನೆಯ ಎರಡು ಅಧ್ಯಾಯಗಳಲ್ಲಿ ಹೆಣೆದುಕೊಳ್ಳುತ್ತವೆ. ಇಳಿದು ಬರುವ ನಗರದ ಉದ್ದ, ಅಗಲ, ಎತ್ತರ ಮೂರೂ ಸಮ. ನಗರಕ್ಕೆ ಇಂಥ ಆಕಾರ ಅಸಂಬದ್ಧವೆನಿಸಬಹುದು. ಆದರೆ ಸೊಲೊಮೋನನ ದೇವಾಲಯದ ಗರ್ಭಗುಡಿಯೂ, ಅಂದರೆ ಮಹಾಪವಿತ್ರಸ್ಥಾನವೂ, ಇಪ್ಪತ್ತು ಮೊಳದ ಸಮಘನವೇ ಆಗಿತ್ತು. ವರ್ಷಕ್ಕೆ ಒಂದೇ ದಿನ ಒಬ್ಬನೇ ಯಾಜಕ ಕಾಲಿಡಬಹುದಾಗಿದ್ದ ಕೋಣೆ ಈಗ ಜನವಸತಿಯ ಊರಾಗಿದೆ. ಅದಕ್ಕೇ ಆ ಊರಿನಲ್ಲಿ ದೇವಾಲಯವಿಲ್ಲ. ತೋಟದಲ್ಲಿ ಕಾವಲಿಗೆ ಒಳಗಾಗಿದ್ದ ಜೀವವೃಕ್ಷ ನದಿಯ ದಡದಲ್ಲಿ ಬೆಳೆದಿದೆ, ಅದರ ಎಲೆಗಳು ಜನಾಂಗಗಳ ಮದ್ದು. ಇದರಲ್ಲಿ ನನ್ನನ್ನು ಹೆಚ್ಚು ಕಲಕುವುದು ಬೇರೊಂದು ವಿವರ. ಕಥೆ ತೋಟದಲ್ಲಿ ತೊಡಗಿತ್ತು, ತೋಟಕ್ಕೇ ಮರಳಬಹುದಿತ್ತು. ಮರಳಿದ್ದು ನಗರಕ್ಕೆ. ಬೈಬಲಿನಲ್ಲಿ ಮೊದಲ ನಗರ ಕಟ್ಟಿದ ಮನೆತನ ತಮ್ಮನನ್ನು ಕೊಂದ ಕಾಯಿನನದು. ಎರಡನೆಯ ಪ್ರಸಿದ್ಧ ನಗರ ಬಾಬೆಲ್, ಆಕಾಶ ಮುಟ್ಟುವ ಗೋಪುರದ ಸೊಕ್ಕಿನದು. ದೇವರ ಯೋಜನೆಯಲ್ಲಿ ಇರದ, ಮನುಷ್ಯನ ಭಯ ಮತ್ತು ಹಮ್ಮಿನಿಂದ ಹುಟ್ಟಿದ ಈ ವಸ್ತುವನ್ನೇ ದೇವರು ಕೊನೆಯಲ್ಲಿ ತನ್ನ ಮನೆಯಾಗಿ ಆರಿಸಿಕೊಳ್ಳುತ್ತಾನೆ. ಅರಸರು ತಮ್ಮ ವೈಭವವನ್ನು ಅದರೊಳಗೆ ತರುತ್ತಾರೆ. ಮನುಷ್ಯ ಚರಿತ್ರೆಯಲ್ಲಿ ಮಾಡಿದ್ದು, ಕಟ್ಟಿದ್ದು, ಹಾಡಿದ್ದು ಅಳಿಸಿಹೋಗುವುದಿಲ್ಲ ಎಂಬ ಭರವಸೆ ಇದರಲ್ಲಿದೆ.

ಆದರೆ ಯೇಸುವೇ ತನ್ನ ತಂದೆಯ ಮನೆಯಲ್ಲಿ ಬಹಳ ಬಿಡಾರಗಳಿವೆ ಎಂದಿದ್ದಾನಲ್ಲ, ಶಿಲುಬೆಯ ಮೇಲಿನ ಕಳ್ಳನಿಗೆ ಪರದೈಸದ ಮಾತು ಕೊಟ್ಟಿದ್ದಾನಲ್ಲ ಎಂದು ಓದಿದವರು ಕೇಳುತ್ತಾರೆ. ಸತ್ತವರು ದೇವರ ಬಳಿಯಲ್ಲಿರುತ್ತಾರೆ ಎಂಬ ನಂಬಿಕೆ ಹೊಸ ಒಡಂಬಡಿಕೆಯಲ್ಲಿ ಖಂಡಿತ ಇದೆ. ಪೌಲನೂ ಹಾಗೇ ಹಂಬಲಿಸಿದ್ದಾನೆ. ಆದರೆ ಅದು ತಂಗುದಾಣ, ಊರಲ್ಲ. 381ರ ಮಹಾಸಭೆಯ ಹೆಸರಿನಲ್ಲಿ ಇಂದಿಗೂ ಚರ್ಚುಗಳಲ್ಲಿ ಹೇಳುವ ವಿಶ್ವಾಸಸಂಗ್ರಹ ಮುಗಿಯುವುದು ಆತ್ಮದ ಸ್ವರ್ಗಪ್ರಯಾಣದಿಂದಲ್ಲ, ಸತ್ತವರ ಪುನರುತ್ಥಾನ ಮತ್ತು ಬರಲಿರುವ ಲೋಕದ ನಿರೀಕ್ಷೆಯಿಂದ. ಬಿಡಾರಗಳ ಮಾತಿಗೆ ಬಂದರೆ, ಯೋಹಾನ 14ನೆಯ ಅಧ್ಯಾಯದ ಎರಡನೆಯ ವಚನದಲ್ಲಿರುವ ಆ ಗ್ರೀಕ್ ನಾಮಪದ ಇಡೀ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ, ಅದೇ ಅಧ್ಯಾಯದ 23ನೆಯ ವಚನದಲ್ಲಿ. ಅಲ್ಲಿ ತನ್ನನ್ನು ಪ್ರೀತಿಸುವವನ ಬಳಿಗೆ ತಾನೂ ತಂದೆಯೂ ಬಂದು ಬಿಡಾರ ಮಾಡುತ್ತೇವೆ ಎನ್ನುತ್ತಾನೆ ಯೇಸು. ಸ್ವರ್ಗದ ಕೋಣೆಗಳ ಆಧಾರವೆಂದು ಎಲ್ಲರೂ ನೆನೆಯುವ ಅಧ್ಯಾಯವೇ ಬರುವವನು ಯಾರು ಎಂಬ ಪ್ರಶ್ನೆಯನ್ನು ತಿರುಗಿಸಿ ಇಡುತ್ತದೆ.

ಇನ್ನೆರಡು ಆಕ್ಷೇಪಗಳು ಇದಕ್ಕಿಂತ ಭಾರವಾದವು. ಮೊದಲನೆಯದು ಯೆಹೂದ್ಯರದು. ಕ್ರೈಸ್ತರು ಹಳೆಯ ಒಡಂಬಡಿಕೆ ಎನ್ನುವುದು ಅವರಿಗೆ ಹಳೆಯದೂ ಅಲ್ಲ, ಅರ್ಧವೂ ಅಲ್ಲ. 24 ಪುಸ್ತಕಗಳ ಪೂರ್ಣ ಗ್ರಂಥ. ಅವರ ಜೋಡಣೆಯಲ್ಲಿ ಅದು ಮುಗಿಯುವುದು ಪೂರ್ವಕಾಲವೃತ್ತಾಂತದಲ್ಲಿ, ಯೆರೂಸಲೇಮಿಗೆ ಮರಳಿ ಹೋಗಿ ದೇವಾಲಯ ಕಟ್ಟಲು ಪರ್ಷಿಯದ ಕೋರೆಷನು ಕೊಟ್ಟ ಅಪ್ಪಣೆಯೊಂದಿಗೆ. ಅಂದರೆ ತೋಟದಿಂದ ಇಳಿಯುವ ನಗರಕ್ಕೆ ಎಳೆದ ನನ್ನ ಗೆರೆ ಕ್ರೈಸ್ತ ಜೋಡಣೆಯನ್ನು ಅವಲಂಬಿಸಿದೆ. ಇದನ್ನು ಒಪ್ಪಿಕೊಳ್ಳಬೇಕು. ಇದು ಕ್ರೈಸ್ತ ದೇವಶಾಸ್ತ್ರದ ಓದು. ಇದೊಂದೇ ಸಾಧ್ಯವಾದ ಓದೆಂದು ಹೇಳುವ ಹಕ್ಕು ಕ್ರೈಸ್ತರಿಗಿಲ್ಲ. ಹಾಗೆ ಹೇಳಿಕೊಂಡ ಶತಮಾನಗಳಲ್ಲಿ ಯುರೋಪಿನ ಯೆಹೂದ್ಯರು ಪಟ್ಟ ಪಾಡು ಈ ಗ್ರಂಥವನ್ನು ಓದುವ ಪ್ರತಿ ಕ್ರೈಸ್ತನ ನೆನಪಿನಲ್ಲಿರಬೇಕು. ಆದರೂ ಗಮನಿಸಬೇಕಾದದ್ದೊಂದಿದೆ: ನಾನು ತೋರಿಸಿದ ಆಧಾರದ ಬಹುಭಾಗ ಹೀಬ್ರೂ ಗ್ರಂಥದ್ದೇ. ದೇವಾಲಯ ಕ್ರಿ.ಶ. 70ರಲ್ಲಿ ಮತ್ತೆ ಬಿದ್ದ ಮೇಲೆ, ಜನರೊಂದಿಗೆ ಸೆರೆಗೂ ಹೋಗುವ ದೇವಸಾನ್ನಿಧ್ಯವನ್ನು ಯೆಹೂದಿ ಗುರುಗಳು ‘ಶೆಕೀನಾ’ ಎಂದು ಕರೆದರು. ಗುಡಾರದಲ್ಲಿ ವಾಸಿಸುವುದನ್ನು ಹೇಳುವ ಹೀಬ್ರೂ ಧಾತುವಿನಿಂದಲೇ ಬಂದ ಪದ ಅದು. ಎರಡು ಧರ್ಮಗಳು ಬೇರೆ ದಾರಿ ಹಿಡಿದರೂ ಕೇಳಿಕೊಂಡ ಪ್ರಶ್ನೆ ಒಂದೇ.

ಎರಡನೆಯದು ಕಾನಾನ್ಯರ ಆಕ್ಷೇಪ. ದೇವರು ಒಂದು ಜನದ ನಡುವೆ ವಾಸಿಸಲು ಬರುತ್ತಾನೆ ಸರಿ, ಆ ನೆಲದಲ್ಲಿ ಆಗಲೇ ವಾಸವಾಗಿದ್ದವರ ಗತಿ? ಯೆಹೋಶುವನ ಪುಸ್ತಕ ಊರಿಗೆ ಊರನ್ನೇ ಕತ್ತಿಗೆ ಕೊಟ್ಟ ಕಥೆ ಹೇಳುತ್ತದೆ. 1989ರಲ್ಲಿ ರಾಬರ್ಟ್ ಅಲೆನ್ ವಾರಿಯರ್ ಎಂಬ ಅಮೆರಿಕದ ಮೂಲನಿವಾಸಿ ವಿದ್ವಾಂಸರು ತಮ್ಮ ಪ್ರಬಂಧವೊಂದರಲ್ಲಿ, ವಿಮೋಚನೆಯ ಕಥೆಯನ್ನು ತಮ್ಮ ಜನ ಓದುವಾಗ ತಮ್ಮನ್ನು ಕಾಣುವುದು ಇಸ್ರಾಯೇಲ್ಯರಲ್ಲಲ್ಲ, ಕಾನಾನ್ಯರಲ್ಲಿ ಎಂದು ತೋರಿಸಿದರು. ಇದಕ್ಕೆ ಸಲೀಸಾದ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಆ ಕಥನಗಳು ಬಹುಮಟ್ಟಿಗೆ ನಂತರದ ಕಾಲದವು, ಉತ್ಪ್ರೇಕ್ಷೆಯವು ಎಂದು ಚರಿತ್ರಕಾರರು ಹೇಳುವುದರಿಂದ ಗ್ರಂಥದ ಪುಟದಲ್ಲಿರುವ ರಕ್ತ ಒಣಗುವುದಿಲ್ಲ. ಹೇಳಬಹುದಾದದ್ದು ಇಷ್ಟು. ಬೈಬಲು ತನ್ನೊಳಗೇ ಇದರೊಡನೆ ಜಗಳವಾಡಿದೆ. ಅಬ್ರಹಾಮನ ಆಯ್ಕೆ ಆದದ್ದೇ ಭೂಮಿಯ ಎಲ್ಲ ಕುಲಗಳ ಆಶೀರ್ವಾದಕ್ಕೆ. ಮೋವಾಬ್ಯಳಾದ ರೂತಳು ದಾವೀದನ ಮುತ್ತಜ್ಜಿಯಾದಳು. ಇಸ್ರಾಯೇಲನ್ನು ಐಗುಪ್ತದಿಂದ ಕರೆತಂದ ದೇವರೇ ಫಿಲಿಷ್ಟಿಯರನ್ನೂ ಬೇರೊಂದು ನಾಡಿನಿಂದ ಕರೆತಂದ ಎಂದು ಆಮೋಸ ಹೇಳಿ ಆಯ್ಕೆಯ ಹಮ್ಮನ್ನು ಮುರಿದ. ಶತ್ರುನಗರ ನಿನೆವೆಯನ್ನು ದೇವರು ಕ್ಷಮಿಸಿದನೆಂದು ಮುನಿಸಿಕೊಂಡ ಪ್ರವಾದಿಯ ಮೇಲೆ ಯೋನನ ಪುಸ್ತಕ ಬರೆಯಲಾಯಿತು. ಕಥೆಯ ಕೊನೆಯಿಂದ ಹಿಂದಿರುಗಿ ನೋಡಿದಾಗ ಯೆಹೋಶುವನ ಕತ್ತಿ ಈ ಗ್ರಂಥದ ದಿಕ್ಕಲ್ಲ ಎಂದು ನನಗೆ ಅನಿಸುತ್ತದೆ. ಆದರೆ ಆ ಕತ್ತಿಯನ್ನು ಎತ್ತಿಕೊಂಡು ನಡೆದವರು ಕಡಿಮೆಯಾಗಿರಲಿಲ್ಲ.

ಒಟ್ಟು ಸಂದೇಶಕ್ಕೆ ಬಗ್ಗದ ಪುಸ್ತಕಗಳೂ ಇವೆ, ಇರಲಿ. ಹೀಬ್ರೂ ಎಸ್ತೇರಳ ಪುಸ್ತಕದಲ್ಲಿ ದೇವರ ಹೆಸರೇ ಬರುವುದಿಲ್ಲ. ದೇವರು ಆಕಾಶದಲ್ಲಿದ್ದಾನೆ, ನೀನು ಭೂಮಿಯಲ್ಲಿದ್ದೀಯೆ, ಮಾತು ಮಿತವಾಗಿರಲಿ ಎಂದು ಪ್ರಸಂಗಿ ಹೇಳುವುದು ನನ್ನ ವಾದಕ್ಕೆ ನೇರ ವಿರುದ್ಧ. 88ನೆಯ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಯೋಬನಿಗೆ ಕೊನೆಗೆ ಸಿಕ್ಕಿದ್ದು ವಿವರಣೆಯಲ್ಲ, ಬಿರುಗಾಳಿಯೊಳಗಿನ ಭೇಟಿ. ದೇವರ ಸಾನ್ನಿಧ್ಯವನ್ನೇ ಸಂದೇಶವೆನ್ನುವ ಗ್ರಂಥದಲ್ಲಿ ಆತನ ಗೈರುಹಾಜರಿಯ ದೂರು ಇಷ್ಟಿರುವುದು ನನಗೆ ದೋಷವಾಗಿ ಕಾಣುವುದಿಲ್ಲ. ಇಲ್ಲದವರನ್ನು ಇಲ್ಲವೆಂದು ಅಳುವುದು ಅವರು ಇರಬೇಕಾದವರು ಎಂದು ಬಲ್ಲವರು ಮಾತ್ರ. ಶಿಲುಬೆಯ ಮೇಲೆ ಯೇಸು ಕೂಗಿದ್ದೂ ಕೀರ್ತನೆಯೊಂದರ ಅಂಥದೇ ದೂರನ್ನು.

ದಿಕ್ಕು ಬದಲಾದರೆ ಬದುಕೂ ಬದಲಾಗಬೇಕಾಗುತ್ತದೆ. ಭೂಮಿ ಬಿಟ್ಟುಹೋಗುವ ಛತ್ರವಾದರೆ ಅದರ ಕೆರೆ, ಕಾಡು, ಮಣ್ಣು ಹಾಳಾದರೂ ನಷ್ಟವಿಲ್ಲ. ದೇವರು ಮನೆ ಮಾಡುವ ಜಾಗವಾದರೆ ಹಾಗಲ್ಲ. ಅದಕ್ಕಿಂತ ಹತ್ತಿರದ ಮಾತು ಗೋಡೆಯದು. ದಕ್ಷಿಣ ಭಾರತದ ಕೆಲವು ಕ್ರೈಸ್ತ ಸ್ಮಶಾನಗಳಲ್ಲಿ ಮೇಲ್ಜಾತಿಯವರ ಸಮಾಧಿಗಳನ್ನೂ ದಲಿತರ ಸಮಾಧಿಗಳನ್ನೂ ಬೇರ್ಪಡಿಸುವ ಗೋಡೆಗಳು ಎದ್ದವು. ಒಂದೇ ಚರ್ಚಿನೊಳಗೆ ಕೂರುವ ಸಾಲುಗಳು ಜಾತಿಯಿಂದ ಹಂಚಿಹೋದವು. ಸತ್ತ ಮೇಲೆ ಎಲ್ಲರೂ ಸ್ವರ್ಗದಲ್ಲಿ ಒಂದೇ ಎನ್ನುವ ಬೋಧನೆ ಈ ಗೋಡೆಯ ಪಕ್ಕದಲ್ಲೇ ಶತಮಾನಗಟ್ಟಲೆ ನೆಮ್ಮದಿಯಾಗಿ ಬಾಳಿತು. ಇಸ್ತಾಂಬುಲಿನಲ್ಲಿರುವ ಆ ಎಚ್ಚರಿಕೆಯ ಕಲ್ಲಿಗೂ ಈ ಗೋಡೆಗೂ ವ್ಯತ್ಯಾಸವಿದ್ದರೆ, ಆ ಕಲ್ಲನ್ನು ನೆಟ್ಟವರು ಎಫೆಸದವರಿಗೆ ಬರೆದ ಪತ್ರವನ್ನು ಓದಿರಲಿಲ್ಲ, ಈ ಗೋಡೆ ಕಟ್ಟಿದವರು ಓದಿದ್ದರು.

ವಿಮೋಚನಕಾಂಡವನ್ನು ಓದಲು ಕುಳಿತು, 25ನೆಯ ಅಧ್ಯಾಯದ ಮೊಳ, ಪರದೆ, ಕೊಂಡಿಗಳ ಲೆಕ್ಕ ಬಂದಾಗ ಪುಸ್ತಕ ಮುಚ್ಚಿಟ್ಟವರು ನಿಮ್ಮಲ್ಲಿ ಇರಬಹುದು. ಮತ್ತೊಮ್ಮೆ ತೆರೆಯಿರಿ, ಆ ಲೆಕ್ಕವನ್ನು ದಾಟಿ 40ನೆಯ ಅಧ್ಯಾಯದ ಮೋಡದವರೆಗೆ ಬನ್ನಿ. ಆಮೇಲೆ ನೇರವಾಗಿ ಪ್ರಕಟನೆಯ 21ಕ್ಕೆ ತಿರುಗಿಸಿ ಓದಿ. ಆ ನಗರಕ್ಕೆ ಹನ್ನೆರಡು ಬಾಗಿಲು, ದಿಕ್ಕಿಗೆ ಮೂರು. ಅವನ್ನು ಮುಚ್ಚುವ ಹೊತ್ತೇ ಅಲ್ಲಿಲ್ಲ.